ಹುವೇ ನಗರದಲ್ಲಿ ಇಬ್ಬರಿಗೆ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ವಿಯೆಟ್ನಾಮಿನ ಹುವೇ, 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿತ್ತು. ಕೋಟೆ, ಅರಮನೆ, ನದಿಯುದ್ದಕ್ಕೂ ಹರಡಿದ ರಾಜಸಮಾಧಿಗಳು ಎಲ್ಲವೂ ಸೇರಿ 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಹನೋಯ್, ಡಾನಾಂಗ್, ಹೋಯ್ ಆನ್ ನೋಡಿಕೊಂಡು ಬರುವ ನಮ್ಮವರು ಹುವೇಯನ್ನು ಬಿಟ್ಟುಬಿಡುವುದೇ ಹೆಚ್ಚು. ಸಸ್ಯಾಹಾರಿ ಜೋಡಿಗಂತೂ ಆ ದೇಶದಲ್ಲಿ ಇದಕ್ಕಿಂತ ಚೆನ್ನಾಗಿ ಉಣಬಡಿಸುವ ಊರು ಸಿಗುವುದು ಕಷ್ಟ. ಬೆಳಿಗ್ಗೆಯಿಂದ ರಾತ್ರಿಯವರೆಗಿನ ಒಂದು ದಿನವನ್ನು ಇಬ್ಬರು ಹೇಗೆ ಕಳೆಯಬಹುದು ಎಂದು ಕೇಳುವವರಿಗಾಗಿ ಈ ಉತ್ತರಗಳು.

ಒಂದು ದಿನ ಸಾಕಾಗುತ್ತಾ?

ಹಿಂದಿನ ರಾತ್ರಿಯೇ ಊರು ಸೇರಿ, ಆ ದಿನ ರಾತ್ರಿಯೂ ಅಲ್ಲೇ ಉಳಿಯುವುದಾದರೆ ಸಾಕು. ಡಾನಾಂಗ್‌ನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾಗುವ ಟೂರ್ ಬಸ್ಸು ಹತ್ತಿದರೆ ಹೋಗಿ ಬರುವುದಕ್ಕೇ ನಾಲ್ಕು ಗಂಟೆ ಹೋಗುತ್ತದೆ. ಉಳಿಯುವುದು ನಡುಹಗಲು ಮಾತ್ರ, ಅಂದರೆ ಹುವೇಯಲ್ಲಿ ಊಟ ತಿಂಡಿಗೂ ತಿರುಗಾಟಕ್ಕೂ ಎಲ್ಲಕ್ಕಿಂತ ಕೆಟ್ಟ ಹೊತ್ತು. ಈ ಊರಿನ ಒಳ್ಳೆಯ ತಿಂಡಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯುತ್ತದೆ, ಮತ್ತೆ ಶುರುವಾಗುವುದು ಮಧ್ಯಾಹ್ನ ಮೂರರ ಮೇಲೆ.

ಕರ್ನಾಟಕದಿಂದ ಅಲ್ಲಿಗೆ ತಲುಪುವುದು ಹೇಗೆ?

ಬೆಂಗಳೂರಿನಿಂದ ಹೋ ಚಿ ಮಿನ್ಹ್ ನಗರಕ್ಕೆ ನೇರ ವಿಮಾನವಿದೆ. ಅಲ್ಲಿಂದ ಒಳದೇಶದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಗೆ ಹುವೇಯ ಫು ಬಾಯ್ ನಿಲ್ದಾಣ. ಅದು ಊರಿನಿಂದ 15 ಕಿ.ಮೀ. ದೂರದಲ್ಲಿದೆ. ಡಾನಾಂಗ್‌ನಲ್ಲಿ ಇರುವವರು ರೈಲು ಹತ್ತಿ. ನೂರು ಕಿ.ಮೀ. ದಾರಿಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಹಾಯ್ ವಾನ್ ಘಟ್ಟದ ಬುಡದಲ್ಲಿ ಹಳಿ ಸಮುದ್ರಕ್ಕೆ ಅಂಟಿಕೊಂಡೇ ಸಾಗುವುದರಿಂದ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹುವೇ ಕಡೆಗೆ ಹೋಗುವಾಗ ಬಲಗಡೆಯ ಸೀಟು ತೆಗೆದುಕೊಳ್ಳಿ, ಸಮುದ್ರ ಇರುವುದು ಆ ಬದಿಗೆ.

ವೀಸಾದಲ್ಲಿ ಎಲ್ಲಿ ಎಡವುತ್ತಾರೆ?

ಹೆಸರಿನಲ್ಲಿ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರು ಇರುತ್ತದೆ. ಇ-ವೀಸಾ ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನ ಫೋಟೋ ಪುಟದ ಕೆಳತುದಿಯ ಎರಡು ಸಾಲುಗಳಲ್ಲಿ ಹೇಗಿದೆಯೋ ಹಾಗೇ ತುಂಬಿ. ಮದುವೆಯ ನಂತರ ಹೆಸರು ಬದಲಿಸಿಕೊಂಡಿದ್ದು ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರೇ ಇದ್ದರೆ ವೀಸಾಕ್ಕೂ ವಿಮಾನದ ಟಿಕೆಟ್ಟಿಗೂ ಹಳೆಯ ಹೆಸರೇ ಇರಲಿ. ಒಂದು ಸಲದ ಪ್ರವೇಶಕ್ಕೆ ಸರ್ಕಾರಿ ಶುಲ್ಕ ಒಬ್ಬರಿಗೆ 25 ಡಾಲರ್. ಹುಡುಕಿದಾಗ ಮೊದಲು ಕಾಣುವ ಹಲವು ಜಾಲತಾಣಗಳು ಏಜೆಂಟರವು, ಅವು ಇದರ ಎರಡು ಮೂರು ಪಟ್ಟು ವಸೂಲಿ ಮಾಡುತ್ತವೆ. ವಿಯೆಟ್ನಾಂ ಸರ್ಕಾರದ ತಾಣವೇ ಹೌದೇ ಎಂದು ವಿಳಾಸದ ಕೊನೆಯ ಅಕ್ಷರಗಳನ್ನು ನೋಡಿಕೊಂಡು ಹಣ ಕಟ್ಟಿ. ಸಿಕ್ಕಿದ ವೀಸಾವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ನಮ್ಮ ಮುಂಗಾರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಜೂನ್, ಜುಲೈಯಲ್ಲಿ ಹುವೇ ಕಾದ ಕಾವಲಿಯಂತಿರುತ್ತದೆ, 38 ಡಿಗ್ರಿ ದಾಟುವುದು ಸಾಮಾನ್ಯ. ಮಳೆ ಬರುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನದಿ ಉಕ್ಕಿ ಬೀದಿಗಳಲ್ಲಿ ನೀರು ನಿಲ್ಲುವಷ್ಟು ಜಡಿಯುತ್ತದೆ. ದಸರಾ, ದೀಪಾವಳಿ ರಜೆಗೆಂದು ಟಿಕೆಟ್ ಮಾಡಿಸುವವರು ಸಿಕ್ಕಿಬೀಳುವುದು ಇಲ್ಲೇ. ಆ ದಿನಗಳಲ್ಲಿ ಹೋಗಲೇಬೇಕಿದ್ದರೆ ಹಿಂದೆ ಮುಂದೆ ಒಂದೊಂದು ದಿನ ಬಿಡುವು ಇಟ್ಟುಕೊಳ್ಳಿ. ಜನವರಿಯಲ್ಲಿ ಸಣ್ಣ ಜಿಟಿಜಿಟಿ ಮಳೆ, ತೆಳುವಾದ ಸ್ವೆಟರ್ ಬೇಕಾಗುವಷ್ಟು ಚಳಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ತೆತ್ ಹೊಸವರ್ಷದ ಮೊದಲ ದಿನಗಳಲ್ಲಿ ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ದಿನವನ್ನು ಹೇಗೆ ಹಂಚಿಕೊಳ್ಳಬೇಕು?

ಬೆಳಿಗ್ಗೆ ಆರೂವರೆಗೆ ತಿಂಡಿ. ಏಳೂವರೆಯೊಳಗೆ ಅರಮನೆಯ ಬಾಗಿಲು. ಹತ್ತೂವರೆ, ಹನ್ನೊಂದಕ್ಕೆ ಹೊರಗೆ. ಹನ್ನೊಂದೂವರೆಗೆ ಊಟ, ಅದಾದ ಮೇಲೆ ಎರಡು ಗಂಟೆಯವರೆಗೆ ಹೋಟೆಲ್ ರೂಮಿನಲ್ಲಿ ನಿದ್ದೆ. ಈ ನಿದ್ದೆಯನ್ನು ಸೋಮಾರಿತನ ಎಂದುಕೊಂಡು ಬಿಡಬೇಡಿ. ಊರಿನವರೂ ಆ ಹೊತ್ತಿಗೆ ಮಲಗುತ್ತಾರೆ, ಅಂಗಡಿಗಳೂ ತೂಕಡಿಸುತ್ತವೆ. ಎರಡೂ ಕಾಲಕ್ಕೆ ಸಮಾಧಿಗಳ ಕಡೆ ಹೊರಟು, ಸೂರ್ಯ ಇಳಿಯುವ ಹೊತ್ತಿಗೆ ಥಿಯೆನ್ ಮು ಪಗೋಡ. ಏಳಕ್ಕೆ ಊಟ, ಎಂಟರ ಮೇಲೆ ಸೇತುವೆ, ನದಿದಂಡೆ, ಸಿಹಿ.

ಅರಮನೆಗೆ ಹೋಟೆಲ್ ತಿಂಡಿ ಮುಗಿಸಿ ಒಂಬತ್ತೂವರೆಗೆ ಹೊರಡುವವರೇ ಹೆಚ್ಚು. ಒಳಗೆ ಬಯಲು ಜಾಸ್ತಿ, ನೆರಳು ಕಡಿಮೆ. ಹನ್ನೊಂದಾಗುವಷ್ಟರಲ್ಲಿ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಸಿಟ್ಟು. ಬೇಸಿಗೆಯಲ್ಲಿ ಬಾಗಿಲು ಆರೂವರೆಗೇ ತೆರೆಯುತ್ತದೆ, ಚಳಿಗಾಲದಲ್ಲಿ ಏಳಕ್ಕೆ.

ಟಿಕೆಟ್ ಎಷ್ಟು? ಕಾಂಬೊ ತೆಗೆದುಕೊಳ್ಳಬೇಕೇ?

ಅರಮನೆಗೆ ಒಬ್ಬರಿಗೆ 2,00,000 ಡಾಂಗ್ (ವಿಯೆಟ್ನಾಮಿನ ಹಣ). ಮಿನ್ಹ್ ಮಾಂಗ್, ಖಾಯ್ ದಿನ್ಹ್, ತು ದುಕ್ ಈ ಮೂರು ದೊಡ್ಡ ಸಮಾಧಿಗಳಿಗೆ ತಲಾ 1,50,000. ಅರಮನೆ, ಮಿನ್ಹ್ ಮಾಂಗ್, ಖಾಯ್ ದಿನ್ಹ್ ಮೂರಕ್ಕೂ ಸೇರಿದ ಟಿಕೆಟ್ 4,20,000. ನಾಲ್ಕೂ ಜಾಗ ಸೇರಿದರೆ 5,30,000. ದರ ಆಗಾಗ ಪರಿಷ್ಕರಣೆ ಆಗುವುದರಿಂದ ಕೌಂಟರಿನ ಫಲಕ ನೋಡಿಕೊಳ್ಳಿ. ನಮ್ಮ ಸಲಹೆ ಮೂರರ ಕಾಂಬೊ. ನಾಲ್ಕರದ್ದು ಕೊಂಡರೆ ದುಡ್ಡು ಕೊಟ್ಟಾಯಿತಲ್ಲ ಎಂದು ನಾಲ್ಕನೆಯದಕ್ಕೂ ಓಡುತ್ತೀರಿ, ಕೊನೆಯದರ ಬಾಗಿಲಿಗೆ ಬರುವಾಗ ಮುಚ್ಚುವ ಹೊತ್ತಾಗಿರುತ್ತದೆ. ಟಿಕೆಟನ್ನು ಪ್ರತಿ ಜಾಗದಲ್ಲೂ ತೋರಿಸಬೇಕು, ಅರಮನೆಯಿಂದ ಹೊರಬಂದ ಮೇಲೆ ಬಿಸಾಡಬೇಡಿ.

ಅರಮನೆಯೊಳಗೆ ಏನನ್ನು ನೋಡಬೇಕು, ಯಾವ ದಾರಿಯಲ್ಲಿ?

ಎರಡು ಸುತ್ತು ಇವೆ ಎಂದು ಮೊದಲು ತಿಳಿದಿರಲಿ. ಹೊರಗಿನ ಕೋಟೆಯ ಸುತ್ತಳತೆ ಸುಮಾರು 10 ಕಿ.ಮೀ. ಅದರೊಳಗೆ ಈಗಲೂ ಜನ ವಾಸವಿದ್ದಾರೆ, ಟಿಕೆಟ್ ಬೇಡ. ಟಿಕೆಟ್ ಬೇಕಿರುವುದು ಒಳಗಿನ ಅರಮನೆ ಆವರಣಕ್ಕೆ, ಅದರ ಸುತ್ತಳತೆ ಎರಡೂವರೆ ಕಿ.ಮೀ. ಆಸುಪಾಸು. ಒಳಗೆ ಹೋಗುವುದು ದಕ್ಷಿಣದ ನ್ಗೊ ಮೊನ್ ಹೆಬ್ಬಾಗಿಲಿನಿಂದ. 1833ರಲ್ಲಿ ಕಟ್ಟಿದ ಈ ಬಾಗಿಲಿನ ಮೇಲಿನ ಮಂಟಪದಲ್ಲೇ ಕೊನೆಯ ಅರಸ ಬಾವೊ ದಾಯ್ 1945ರ ಆಗಸ್ಟ್ 30ರಂದು ಅಧಿಕಾರ ಬಿಟ್ಟುಕೊಟ್ಟ. ಮೇಲೆ ಹತ್ತಿ ಹೋಗಲು ಬಿಡುತ್ತಾರೆ. ಬಿಸಿಲೇರುವ ಮುಂಚೆ ಹತ್ತಿಬಿಡಿ.

ಎದುರಿಗೇ ಥಾಯ್ ಹ್ವಾ, ಸಿಂಹಾಸನದ ಸಭಾಂಗಣ. ಹಲವು ವರ್ಷದ ಜೀರ್ಣೋದ್ಧಾರದ ನಂತರ 2024ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಕೆಂಪು ಅರಗು ಬಳಿದು ಚಿನ್ನದ ಬಣ್ಣದಲ್ಲಿ ಡ್ರ್ಯಾಗನ್ ಬಿಡಿಸಿದ ಕಂಬಗಳು ಹೊಚ್ಚಹೊಸದಾಗಿ ಹೊಳೆಯುತ್ತವೆ. ಗುಂಪು ಇಲ್ಲಿಂದ ನೇರ ಮುಂದಕ್ಕೆ ಹೋಗುತ್ತದೆ. ನೀವು ಎಡಕ್ಕೆ, ಅಂದರೆ ಪಶ್ಚಿಮಕ್ಕೆ ತಿರುಗಿ ಥೇ ಮ್ಯೂ ಎಂಬ ರಾಜವಂಶದ ಪಿತೃಮಂದಿರಕ್ಕೆ ಹೋಗಿ. ಅದರ ಮುಂದಿನ ಅಂಗಳದಲ್ಲಿ ಒಂಬತ್ತು ಕಂಚಿನ ಕಡಾಯಿಗಳು ಸಾಲಾಗಿ ನಿಂತಿವೆ. ಮಿನ್ಹ್ ಮಾಂಗ್ ಅರಸ 1835ರಲ್ಲಿ ಎರಕ ಹೊಯ್ಯಿಸಲು ಶುರು ಮಾಡಿ 1837ಕ್ಕೆ ಮುಗಿಸಿದ. ಎಲ್ಲಕ್ಕಿಂತ ಭಾರದ್ದು ಎರಡೂವರೆ ಟನ್ ಮೀರುತ್ತದೆ. ದೂರ ನಿಂತು ಫೋಟೋ ತೆಗೆದು ಹೊರಟುಬಿಡಬೇಡಿ, ಒಂದರ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬನ್ನಿ. ಹೊಟ್ಟೆಯ ಭಾಗದಲ್ಲಿ ಉಬ್ಬುಚಿತ್ರಗಳಿವೆ: ನದಿ, ಬೆಟ್ಟ, ಹಡಗು, ಫಿರಂಗಿ, ಹಕ್ಕಿ, ಭತ್ತದ ತೆನೆ, ಈರುಳ್ಳಿ, ಹಲಸಿನ ಮರ ಕೂಡ. ತನ್ನ ನಾಡಿನಲ್ಲಿ ಏನೇನಿದೆ ಎಂದು ಅರಸನೊಬ್ಬ ಕಂಚಿನಲ್ಲಿ ಬರೆಸಿಟ್ಟ ಪಟ್ಟಿ ಅದು. ಇಡೀ ಅರಮನೆಯಲ್ಲಿ ಅರ್ಧ ಗಂಟೆ ಕೊಡಬಹುದಾದ ಜಾಗ ಒಂದೇ ಎಂದರೆ ಇದನ್ನೇ ಹೇಳುತ್ತೇವೆ.

ಅಲ್ಲಿಂದ ಉತ್ತರಕ್ಕೆ ರಾಜಮಾತೆಯ ವಾಸದ ಅರಮನೆ, ಆಮೇಲೆ ಹಿಂಬದಿಯ ಕಿಯೆನ್ ಚುಂಗ್. ಇದು 1947ರ ಯುದ್ಧದಲ್ಲಿ ನೆಲಸಮವಾಗಿತ್ತು, ಮರುನಿರ್ಮಾಣವಾಗಿ 2024ರಲ್ಲಿ ತೆರೆದಿದೆ. ನಡುನಡುವೆ ಹುಲ್ಲು ಬೆಳೆದ ಖಾಲಿ ಬಯಲುಗಳು ಕಾಣುತ್ತವೆ. ಅವು ಉದ್ಯಾನಗಳಲ್ಲ, 1947 ಮತ್ತು 1968ರ ಕಾಳಗಗಳಲ್ಲಿ ಉರಿದು ಬಿದ್ದ ಕಟ್ಟಡಗಳ ತಳಪಾಯಗಳು.

ಹೊರಬರುವುದು ಪೂರ್ವದ ಹಿಯೆನ್ ನ್ಯೊನ್ ಬಾಗಿಲಿನಿಂದ. ಇಲ್ಲಿ ಗೊಂದಲವಾಗುತ್ತದೆ. ಕಾರಿನವನು ನ್ಗೊ ಮೊನ್ ಮುಂದೆ ಕಾಯುತ್ತಿರುತ್ತಾನೆ, ನೀವು ಬೇರೆ ಬದಿಯಲ್ಲಿ ನಿಂತಿರುತ್ತೀರಿ. ಟ್ಯಾಕ್ಸಿ ಕರೆಸುವಾಗ ಹೊರಬಂದ ಬಾಗಿಲಿನ ಹೆಸರನ್ನೇ ಆ್ಯಪ್‌ನಲ್ಲಿ ಹಾಕಿ.

ಉಡುಪಿನ ಕಟ್ಟುನಿಟ್ಟು ಇದೆಯೇ?

ಪಿತೃಮಂದಿರ, ಸಮಾಧಿಯ ಪೂಜಾಮಂದಿರ, ಪಗೋಡಗಳಿಗೆ ತೋಳಿಲ್ಲದ ಅಂಗಿ, ಚಡ್ಡಿ ಬೇಡ. ಟೋಪಿ ತೆಗೆಯಿರಿ. ಹೊಸ್ತಿಲು ಎತ್ತರವಾಗಿರುತ್ತದೆ, ಅದನ್ನು ದಾಟಿ, ಮೇಲೆ ಕಾಲಿಡಬೇಡಿ. ಚಪ್ಪಲಿ ಬಿಡಬೇಕಾದಲ್ಲಿ ಫಲಕ ಇರುತ್ತದೆ.

ಅಲ್ಲಿನ ಸಾಂಪ್ರದಾಯಿಕ ಉಡುಪು ಆವೊ ಜಾಯ್ ಬಾಡಿಗೆಗೆ ತೆಗೆದುಕೊಂಡು ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ. ಹೇಗೆ?

ಅರಮನೆಯ ಸುತ್ತಲಿನ ಬೀದಿಗಳಲ್ಲಿ ಬಾಡಿಗೆ ಅಂಗಡಿಗಳು ಬೇಕಾದಷ್ಟಿವೆ. ಸಾದಾ ಉದ್ದ ನಿಲುವಂಗಿಯೂ ಸಿಗುತ್ತದೆ, ರಾಜಮನೆತನದ ಅಗಲ ತೋಳಿನ ಉಡುಪೂ ಸಿಗುತ್ತದೆ. ರಾಜ ಉಡುಪು ಎರಡು ಮೂರು ಪದರ, ತಲೆಗೆ ಸುತ್ತು ಬೇರೆ. ಚಳಿಗಾಲಕ್ಕೆ ಸರಿ, ಏಪ್ರಿಲ್ ಬಿಸಿಲಿಗೇ ಅದು ಹಿಂಸೆ. ಗಂಟೆಯ ಲೆಕ್ಕವೋ ಅರ್ಧ ದಿನದ ಲೆಕ್ಕವೋ, ತಲೆಯ ಸುತ್ತು ಅದರಲ್ಲೇ ಸೇರಿದೆಯೋ, ಕಲೆಯಾದರೆ ಎಷ್ಟು ಕಟ್ಟಬೇಕು ಎಂಬುದನ್ನು ಮೊದಲೇ ಕೇಳಿ. ಪಾಸ್‌ಪೋರ್ಟ್ ಅಡವಿಡಬೇಡಿ, ಸ್ವಲ್ಪ ನಗದು ಠೇವಣಿ ಕೊಡುತ್ತೇವೆ ಎನ್ನಿ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಹುವೇ ಬೌದ್ಧ ಮಠಗಳ ಊರು. ಇಲ್ಲಿನ ಮನೆಗಳಲ್ಲೂ ಮಠಗಳಲ್ಲೂ ಸಸ್ಯಾಹಾರಿ ಅಡುಗೆ ತಲೆತಲಾಂತರದಿಂದ ಬೆಳೆದುಬಂದಿದೆ. ಅದಕ್ಕೆ ಚಾಯ್ ಎನ್ನುತ್ತಾರೆ. ಅಂಗಡಿಯ ಫಲಕದಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಲೆ ಕ್ವಿ ದೊನ್ ಬೀದಿಯ ಲಿಯೆನ್ ಹ್ವಾ ಹಳೆಯ, ಹೆಸರಾದ ಸಸ್ಯಾಹಾರಿ ಹೋಟೆಲು, ದಕ್ಷಿಣ ದಂಡೆಯ ಹೋಟೆಲುಗಳಿಂದ ದೂರವೇನಿಲ್ಲ.

ಪಂಚಾಂಗ ನೋಡಿ ಹೋದರೆ ಇನ್ನೂ ಒಳ್ಳೆಯದು. ಅಲ್ಲಿನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಅಥವಾ ಅದರ ಮರುದಿನ ಮತ್ತು ಹುಣ್ಣಿಮೆಯ ಆಸುಪಾಸು, ಊರಿನ ಬಹಳ ಜನ ಮಾಂಸ ಮುಟ್ಟುವುದಿಲ್ಲ. ಮಾಮೂಲಿ ಅಂಗಡಿಗಳೂ ಆ ದಿನ ಸಸ್ಯಾಹಾರಿ ಅಡುಗೆ ಮಾಡುತ್ತವೆ. ಅದೇ ಕಾರಣಕ್ಕೆ ಚಾಯ್ ಹೋಟೆಲುಗಳಲ್ಲಿ ನೂಕುನುಗ್ಗಲು, ಹನ್ನೊಂದೂವರೆಯೊಳಗೆ ಕೂತುಬಿಡಿ. ವೈಶಾಖ ಹುಣ್ಣಿಮೆಯ ಹೊತ್ತಿಗೆ ನದಿಯ ಮೇಲೆ ಏಳು ದೊಡ್ಡ ಕಮಲಗಳನ್ನು ದೀಪ ಹಾಕಿ ತೇಲಬಿಡುತ್ತಾರೆ.

ಏನೇನು ತರಿಸಬೇಕು? ಮೊದಲು ಗುಜ್ಜೆಯ ಪಲ್ಯದಂಥ ಮಿತ್ ತ್ರೊನ್. ಎಳೆಯ ಹಲಸಿನಕಾಯಿಯನ್ನು ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಹುರಿದ ಕಡಲೆಬೀಜ, ಎಳ್ಳು, ಖಾರದ ಗಮ್ಮಿನ ಒಂದು ಸೊಪ್ಪು ಹಾಕಿ ಕಲಸಿರುತ್ತಾರೆ. ಜೊತೆಗೆ ಸುಟ್ಟ ಅಕ್ಕಿ ಹಪ್ಪಳ ಬರುತ್ತದೆ. ಹಪ್ಪಳ ಮುರಿದು ಅದರಲ್ಲೇ ಎತ್ತಿ ತಿನ್ನಬೇಕು, ಚಮಚ ಹುಡುಕಬೇಡಿ. ಇದನ್ನೇ ಕಾಡು ಅಂಜೂರದ ಕಾಯಿಯಲ್ಲೂ ಮಾಡುತ್ತಾರೆ, ಅದು ಹುವೇಯದ್ದೇ ವಿಶೇಷ. ಆಮೇಲೆ ಸಸ್ಯಾಹಾರಿ ಬುನ್ ಬೊ: ನಿಂಬೆಹುಲ್ಲು, ಅನಾನಸ್, ಮೂಲಂಗಿ, ಅಣಬೆ ಕುದಿಸಿ ತೆಗೆದ ಕೆಂಪು ಖಾರದ ಸಾರಿನಲ್ಲಿ ದಪ್ಪ ಅಕ್ಕಿ ಶಾವಿಗೆ. ಅನ್ನ ಬೇಕೆನಿಸಿದರೆ ಕಮಲದ ಬೀಜ ಹಾಕಿದ ಅನ್ನ ಕೇಳಿ.

ಮೆನುವಿನಲ್ಲಿ ಕೋಳಿ, ಮೀನು ಎಂದು ಇದ್ದರೆ ಗಾಬರಿ ಬೇಡ. ಚಾಯ್ ಹೋಟೆಲಿನಲ್ಲಿ ಅವು ಸೋಯಾ, ತೋಫು, ಬಾಳೆ ಹೂವಿನಿಂದ ಮಾಡಿದವು. ನೋಡುವುದಕ್ಕೆ ಥೇಟ್ ಮಾಂಸದಂತೆಯೇ ಇರುವುದರಿಂದ ಕೆಲವರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವರು ತರಕಾರಿ, ಅಣಬೆ, ತೋಫು ಎಂದು ಸ್ಪಷ್ಟವಾಗಿ ಹೇಳಿ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಮೊಟ್ಟೆ ಮುಟ್ಟದವರು?

ಮಠದ ಪದ್ಧತಿಯ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಆದರೆ ಪ್ರವಾಸಿಗರೇ ಹೆಚ್ಚು ಬರುವ ಸಸ್ಯಾಹಾರಿ ಹೋಟೆಲುಗಳು ಹಾಕುವುದುಂಟು. ಪರಿಮಳಕ್ಕೆ ಲೀಕ್ ಎಂಬ ಈರುಳ್ಳಿ ಜಾತಿಯ ದಂಟನ್ನು ಹುರಿದು ಹಾಕುವುದು ಚಾಯ್ ಅಡುಗೆಮನೆಗಳಲ್ಲೇ ರೂಢಿ, ಅದನ್ನು ಅವರು ಈರುಳ್ಳಿಯ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ವಿಯೆಟ್ನಾಮಿ ಮಾತಿನಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ. ಹೋಟೆಲಿನ ರಿಸೆಪ್ಷನ್‌ನಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು, ಸೀಗಡಿ, ಮೀನಿನ ಸಾಸ್, ಸೀಗಡಿ ಪೇಸ್ಟ್, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಲೀಕ್ ಬೇಡ. ಅದರ ಫೋಟೋ ಇಬ್ಬರ ಫೋನಿನಲ್ಲೂ ಇರಲಿ.

ಮಾಮೂಲಿ ಅಂಗಡಿಯಲ್ಲಿ "ತರಕಾರಿ ಮಾತ್ರ" ಎಂದರೆ ಸಾಲದು. ತುಂಡು ತೆಗೆದಿಟ್ಟು ಅದೇ ಎಲುಬಿನ ಸಾರು ಹಾಕಿಕೊಡುತ್ತಾರೆ. ಅವರ ಮನಸ್ಸಿನಲ್ಲಿ ಅದು ತಪ್ಪಲ್ಲ, ಮಾಂಸ ಹಾಕಲಿಲ್ಲವಲ್ಲ. ಸಾರು ಬೇರೆ ಪಾತ್ರೆಯದ್ದೇ ಆಗಬೇಕೆಂದರೆ ಚಾಯ್ ಅಂಗಡಿಯೇ ಸರಿ.

ಮಾಂಸಾಹಾರಿಗಳಿಗೆ ಏನು? ದನದ ಮಾಂಸ, ಹಂದಿ ಬೇಡ ಎನ್ನುವವರಿಗೆ?

ಊರಿನ ಹೆಸರಾದ ಬುನ್ ಬೊ ಸಾರು ದನದ ಎಲುಬು ಮತ್ತು ಹಂದಿಯ ಕಾಲಿನಿಂದ ಆದದ್ದು. ಮೇಲೆ ಹೆಪ್ಪುಗಟ್ಟಿಸಿದ ರಕ್ತದ ಕಂದು ಬಣ್ಣದ ಚೌಕ ತುಂಡುಗಳೂ ಇರುತ್ತವೆ. ದನದ ತುಂಡು ತೆಗೆಸಿದರೂ ಸಾರು ಅದೇ. ಇವೆರಡೂ ಬೇಡವೆಂದರೆ ಮಾಮೂಲಿ ಬುನ್ ಬೊ ಬಿಟ್ಟುಬಿಡಿ. ಕಮ್ ಹೆನ್ ಎಂಬುದು ನದಿಯ ಪುಟ್ಟ ಮರುವಾಯಿಯ (ಚಿಪ್ಪುಮೀನಿನ) ಅನ್ನ. ಆರಿದ ಅನ್ನದ ಮೇಲೆ ಮರುವಾಯಿ, ಕಡಲೆಬೀಜ, ಬಾಳೆ ಹೂವಿನ ಸಣ್ಣ ಎಳೆ, ಸೊಪ್ಪು, ಸೀಗಡಿ ಪೇಸ್ಟ್, ಬದಿಗೆ ಬಿಸಿ ಮರುವಾಯಿ ನೀರು. ಬಟ್ಟಲಿಗೆ 15ರಿಂದ 20 ಸಾವಿರ ಡಾಂಗ್. ಮೇಲೆ ಉದುರಿಸುವ ಗರಿಗರಿ ಚೂರು ಹಂದಿಯ ಚರ್ಮ, ಬೇಡವಾದರೆ ಮೊದಲೇ ಹೇಳಿ. ಖಾರ ನಮ್ಮವರಿಗೂ ಮುಟ್ಟುವಷ್ಟಿರುತ್ತದೆ.

ಸಂಜೆಯ ಸಣ್ಣ ತಿಂಡಿಗಳು ಯಾವುವು?

ಮೂರರಿಂದ ಆರರವರೆಗೆ ಅಕ್ಕಿ ಹಿಟ್ಟಿನ ಹಬೆ ತಿಂಡಿಗಳ ಹೊತ್ತು. ಬಾನ್ ಬೆಯೊ ಎಂಬುದು ಒಂದೊಂದೂ ಒಂದು ಪುಟ್ಟ ಬಟ್ಟಲಿನಲ್ಲಿ ಬೇಯಿಸಿದ ತೆಳು ಬಿಳಿ ಬಿಲ್ಲೆ. ಬಾನ್ ನಮ್ ಅನ್ನು ಎಲೆಯಲ್ಲಿ ಚಪ್ಪಟೆಯಾಗಿ ಮಡಚಿ ಬೇಯಿಸುತ್ತಾರೆ. ಬಾನ್ ಲಾಕ್ ಮರಗೆಣಸಿನ ಹಿಟ್ಟಿನದ್ದು, ಒಳಗಿನ ಹೂರಣ ಕಾಣುವಷ್ಟು ಪಾರದರ್ಶಕ, ಅಗಿಯುವುದಕ್ಕೆ ರಬ್ಬರಿನಷ್ಟು ಜಿಗುಟು. ಮಾಮೂಲಿಗೆ ಮೂರರಲ್ಲೂ ಸೀಗಡಿ ಇರುತ್ತದೆ. ಚಾಯ್ ಅಂಗಡಿಯಲ್ಲಿ ಹೆಸರುಬೇಳೆ, ಅಣಬೆಯ ಹೂರಣ, ಅದ್ದಿಕೊಳ್ಳಲು ಸೋಯಾ ಸಾಸ್. ಇಬ್ಬರಿಗೆ ಒಂದು ಮಿಶ್ರ ತಟ್ಟೆ ಸಾಕು, ಬಿಲ್ಲೆಗಳು ಸಣ್ಣವೆಂದು ಎರಡು ತಟ್ಟೆ ತರಿಸಿದರೆ ರಾತ್ರಿ ಊಟಕ್ಕೆ ಜಾಗ ಉಳಿಯುವುದಿಲ್ಲ.

ಸಿಹಿ, ಕಾಫಿ?

ಚೆ ಎಂದರೆ ನಮ್ಮ ಪಾಯಸಕ್ಕೂ ಐಸ್ ಹಾಕಿದ ಪಾನಕಕ್ಕೂ ನಡುವಿನದು. ಹೆಸರುಬೇಳೆ, ಜೋಳ, ಕಮಲದ ಬೀಜ, ಕೆಂಪು ಕಾಳು ಹೀಗೆ ಹತ್ತಾರು ಬಗೆ, ಲೋಟಕ್ಕೆ 10ರಿಂದ 25 ಸಾವಿರ ಡಾಂಗ್. ಸಸ್ಯಾಹಾರಿಗಳು ಒಂದು ಕಡೆ ಎಚ್ಚರವಾಗಿರಬೇಕು: ಮರಗೆಣಸಿನ ಹಿಟ್ಟಿನ ಉಂಡೆಯೊಳಗೆ ಹುರಿದ ಹಂದಿಮಾಂಸ ತುಂಬಿ ಸಕ್ಕರೆ ಪಾಕದಲ್ಲಿ ಹಾಕಿದ ಚೆ ಹುವೇಯಲ್ಲಿ ಉಂಟು. ನೋಡಿದರೆ ಕೊಬ್ಬರಿ ತುಂಬಿದ ಉಂಡೆಯಂತೆಯೇ ಕಾಣುತ್ತದೆ. ಸಿಹಿಯಲ್ಲಿ ಮಾಂಸ ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ, ತಪ್ಪು ನಡೆಯುವುದು ಹಾಗೆ.

ಉಪ್ಪಿನ ಕಾಫಿ ಹುಟ್ಟಿದ್ದು ಇದೇ ಊರಿನಲ್ಲಿ, 2010ರಲ್ಲಿ. ಕಂಡೆನ್ಸ್ಡ್ ಹಾಲು, ಅದರ ಮೇಲೆ ಸಣ್ಣ ಲೋಹದ ಫಿಲ್ಟರಿನಿಂದ ಹನಿಹನಿಯಾಗಿ ಇಳಿದ ಕಡು ಡಿಕಾಕ್ಷನ್, ಎಲ್ಲದರ ಮೇಲೆ ಉಪ್ಪು ಹಾಕಿ ನೊರೆ ಎಬ್ಬಿಸಿದ ಕ್ರೀಮ್. ಪೂರ್ತಿ ಇಳಿಯುವವರೆಗೆ ಕಾಯಿರಿ, ಮೊದಲು ಚೆನ್ನಾಗಿ ಕಲಸಿ, ಆಮೇಲೆ ಐಸ್. ಕಲಸದೆ ಹೀರಿದರೆ ಮೊದಲು ಬರೀ ಉಪ್ಪು, ಕೊನೆಗೆ ಬರೀ ಸಕ್ಕರೆ.

ಸಮಾಧಿಗಳಲ್ಲಿ ಯಾವ ಎರಡು, ಯಾಕೆ?

ಮಿನ್ಹ್ ಮಾಂಗ್ ಮತ್ತು ಖಾಯ್ ದಿನ್ಹ್. ಒಂದೇ ರಸ್ತೆಯಲ್ಲಿವೆ, ಒಂದಕ್ಕೊಂದು ತದ್ವಿರುದ್ಧ. ಮಿನ್ಹ್ ಮಾಂಗ್ ಊರಿನಿಂದ 12 ಕಿ.ಮೀ., 1840ರಿಂದ 1843ರಲ್ಲಿ ಕಟ್ಟಿದ್ದು. ಕೆರೆ, ಪೈನ್ ಮರ, ಒಂದೇ ನೇರ ಗೆರೆಯಲ್ಲಿ ಸಾಗುವ ಬಾಗಿಲು, ಮಂಟಪ, ಸೇತುವೆ. ನಡುವಿನ ದೊಡ್ಡ ಬಾಗಿಲು ಅರಸನ ಶವ ಬಂದಾಗ ಒಮ್ಮೆ ಮಾತ್ರ ತೆರೆದದ್ದು, ಇಂದಿಗೂ ಎಲ್ಲರೂ ಪಕ್ಕದ ಬಾಗಿಲಿನಿಂದಲೇ ಒಳಗೆ ಹೋಗುವುದು. ಒಂದೂ ಕಾಲು ಗಂಟೆ ಬೇಕು.

ಖಾಯ್ ದಿನ್ಹ್ ಕೊನೆಯ ಅರಸನ ಮುಂಚಿನವನು. ಫ್ರೆಂಚರ ಆಳ್ವಿಕೆಯಲ್ಲಿ 1920ರಲ್ಲಿ ತನ್ನ ಸಮಾಧಿ ಶುರು ಮಾಡಿಸಿದ, 1931ಕ್ಕೆ ಮಗ ಮುಗಿಸಿದ. ಖರ್ಚಿಗೆಂದು ಜನರ ಮೇಲೆ ತೆರಿಗೆ ಏರಿಸಲಾಯಿತು. ಹೊರಗೆ ಕಪ್ಪಗಾದ ಕಾಂಕ್ರೀಟು, ಕಡಿದಾದ ನೂರಕ್ಕೂ ಹೆಚ್ಚು ಮೆಟ್ಟಿಲು. ಮೇಲಿನ ಮಂದಿರದೊಳಗೆ ಕಾಲಿಟ್ಟರೆ ಗೋಡೆಗಳ ತುಂಬ ಒಡೆದ ಪಿಂಗಾಣಿ, ಬಣ್ಣದ ಗಾಜಿನ ಚೂರು ಅಂಟಿಸಿ ಮಾಡಿದ ಹೂವು, ಹಣ್ಣು, ಡ್ರ್ಯಾಗನ್. ಹತ್ತಿರ ಹೋಗಿ ನೋಡಿದರೆ ಕೆಲವು ಚೂರುಗಳಲ್ಲಿ ಹಳೆಯ ತಟ್ಟೆ, ಬಾಟಲಿಯ ಬಾಗು ಇನ್ನೂ ಗುರುತು ಸಿಗುತ್ತದೆ. ತಲೆಯೆತ್ತಿ ಮೇಲ್ಛಾವಣಿಯ ಮೋಡಗಳಲ್ಲಿ ಅಡಗಿದ ಒಂಬತ್ತು ಡ್ರ್ಯಾಗನ್‌ಗಳನ್ನು ಎಣಿಸಿ.

ಮೊದಲು ಮಿನ್ಹ್ ಮಾಂಗ್, ಆಮೇಲೆ ಖಾಯ್ ದಿನ್ಹ್. ಮೂರು ಗಂಟೆಯ ಬಿಸಿಲಿಗೆ ಮರದ ನೆರಳು ಬೇಕು, ಕಾಂಕ್ರೀಟಿನ ಮೆಟ್ಟಿಲು ನಾಲ್ಕರ ಮೇಲೆ ಸ್ವಲ್ಪ ತಣಿದಿರುತ್ತದೆ. ಮೊಣಕಾಲು ನೋವಿದ್ದವರು ಖಾಯ್ ದಿನ್ಹ್ ಬಿಟ್ಟು ತು ದುಕ್ ಸಮಾಧಿಗೆ ಹೋಗಬಹುದು, ಅಲ್ಲಿ ಏರು ಕಡಿಮೆ, ಕೆರೆಯ ಮೇಲೆ ಮರದ ಮಂಟಪವಿದೆ. ಮೂರನ್ನೂ ಒಂದೇ ಮಧ್ಯಾಹ್ನ ಮುಗಿಸುವ ಯೋಚನೆ ಬೇಡ.

ಓಡಾಟಕ್ಕೆ ಏನು ಅನುಕೂಲ?

ಊರೊಳಗೆ ಗ್ರ್ಯಾಬ್ ಎಂಬ ಟ್ಯಾಕ್ಸಿ ಆ್ಯಪ್ ಸಾಕು. ಸಮಾಧಿಗಳಿಗೆ ಮಾತ್ರ ಅರ್ಧ ದಿನಕ್ಕೆ ಕಾರು ಗೊತ್ತು ಮಾಡಿಕೊಳ್ಳಿ, ಹೋಟೆಲಿನಲ್ಲಿ ಕೇಳಿದರೆ 5ರಿಂದ 7 ಲಕ್ಷ ಡಾಂಗ್‌ಗೆ ಸಿಗುತ್ತದೆ. ಮಿನ್ಹ್ ಮಾಂಗ್‌ನಲ್ಲಿ ಇಳಿದು ಕಾರು ಬಿಟ್ಟುಬಿಟ್ಟರೆ ವಾಪಸ್ಸಿಗೆ ಆ್ಯಪ್‌ನಲ್ಲಿ ಗಾಡಿ ಸಿಗುವುದು ತಡವಾಗುತ್ತದೆ.

ಸೈಕ್ಲೊ ರಿಕ್ಷಾದಲ್ಲಿ ಸಾಮಾನ್ಯವಾಗಿ ಒಬ್ಬರೇ ಕೂರುವುದು. "ಒಂದು ಗಂಟೆಗೆ ಒಂದೂವರೆ ಲಕ್ಷ" ಎಂದರೆ ಒಂದು ಗಾಡಿಗೆ, ಇಬ್ಬರಿಗೆ ಎರಡು ಗಾಡಿ. ಹತ್ತುವ ಮೊದಲೇ ಒಟ್ಟು ಮೊತ್ತವನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ ಹೌದೆನ್ನಿಸಿಕೊಳ್ಳಿ. ಬಾಡಿಗೆ ಸ್ಕೂಟರ್ ನಾವು ಹೇಳುವುದಿಲ್ಲ. ಅಲ್ಲಿ ಬಲಬದಿಯ ಸಂಚಾರ, ತಿರುವಿನಲ್ಲಿ ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಬಿದ್ದರೆ ವಿಮೆಯವರು ಆ ದೇಶದಲ್ಲಿ ಮಾನ್ಯವಾದ ಲೈಸೆನ್ಸ್ ಕೇಳುತ್ತಾರೆ. ರಸ್ತೆ ದಾಟುವಾಗಲೂ ಅಷ್ಟೇ, ಮೊದಲು ಎಡಕ್ಕೆ ನೋಡಿ, ಒಂದೇ ವೇಗದಲ್ಲಿ ನಡೆಯಿರಿ, ನಡುವೆ ನಿಲ್ಲಬೇಡಿ.

ಥಿಯೆನ್ ಮು ಪಗೋಡಕ್ಕೆ ದೋಣಿಯಲ್ಲೋ ಕಾರಿನಲ್ಲೋ?

ಹೋಗುವಾಗ ಕಾರು, ಬರುವಾಗ ದೋಣಿ. ಪಗೋಡದ ಮೆಟ್ಟಿಲ ಬುಡದಲ್ಲೇ ಡ್ರ್ಯಾಗನ್ ತಲೆಯ ದೋಣಿಗಳು ನಿಂತಿರುತ್ತವೆ, ಊರಿನ ಕಟ್ಟೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎರಡು ಲಕ್ಷ ಡಾಂಗ್ ಆಸುಪಾಸಿಗೆ ಇಬ್ಬರಿಗೇ ಇಡೀ ದೋಣಿ ಸಿಗಬಹುದು. ಎಲ್ಲಿ ಇಳಿಸುತ್ತಾರೆ ಎಂದು ಖಚಿತ ಮಾಡಿಕೊಳ್ಳಿ. ಹೆಚ್ಚಿನ ದೋಣಿಗಳಲ್ಲಿ ಒಂದು ಸಂಸಾರವೇ ಇರುತ್ತದೆ, ಮನೆಯಾಕೆ ಬಟ್ಟೆ, ಚಿತ್ರಪಟ ಬಿಚ್ಚಿ ತೋರಿಸುತ್ತಾರೆ. ಬೇಡವೆಂದರೆ ನಗುನಗುತ್ತ ಒಮ್ಮೆ ಹೇಳಿದರೆ ಸಾಕು. ಕತ್ತಲಾದ ಮೇಲೆ ದೋಣಿ ಸಿಗುವುದು ಕಷ್ಟ, ಆದ್ದರಿಂದ ಐದರೊಳಗೆ ಪಗೋಡ ತಲುಪಿ. ಚಳಿಗಾಲದಲ್ಲಿ ಐದೂವರೆಗೇ ಕತ್ತಲು ಕವಿಯುತ್ತದೆ.

ಪಗೋಡ 1601ರಲ್ಲಿ ಸ್ಥಾಪನೆಯಾದದ್ದು. ಏಳಂತಸ್ತಿನ, 21 ಮೀಟರ್ ಎತ್ತರದ ಗೋಪುರ 1844ರದ್ದು. ಪ್ರವೇಶ ಉಚಿತ. ಗೋಪುರದ ಮುಂದೆ ಫೋಟೋ ತೆಗೆದು ಮರಳಿಬಿಡಬೇಡಿ, ಹಿಂದಿನ ಅಂಗಳದಲ್ಲಿ ಒಂದು ತಿಳಿನೀಲಿ ಆಸ್ಟಿನ್ ಕಾರು ಇದೆ. ಬೌದ್ಧರ ಮೇಲಿನ ಸರ್ಕಾರದ ದಬ್ಬಾಳಿಕೆ ಖಂಡಿಸಿ 1963ರ ಜೂನ್ 11ರಂದು ಸೈಗಾನ್‌ನ (ಈಗಿನ ಹೋ ಚಿ ಮಿನ್ಹ್ ನಗರ) ಬೀದಿಯಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣ ಕೊಟ್ಟ ಭಿಕ್ಷು ಥಿಕ್ ಕ್ವಾಂಗ್ ದುಕ್ ಅಲ್ಲಿಗೆ ಹೋದದ್ದು ಆ ಕಾರಿನಲ್ಲಿ. ಮಠದಲ್ಲಿ ಭಿಕ್ಷುಗಳು ವಾಸವಿದ್ದಾರೆ, ಮಾತು ಮೆಲ್ಲಗಿರಲಿ.

ರಾತ್ರಿ ಏನು ಮಾಡಬಹುದು?

1899ರಲ್ಲಿ ತೆರೆದ ತ್ರುಅಂಗ್ ತಿಯೆನ್ ಸೇತುವೆಗೆ ರಾತ್ರಿ ಬಣ್ಣದ ದೀಪ ಹಾಕುತ್ತಾರೆ. ದಕ್ಷಿಣ ದಂಡೆಯಲ್ಲಿ ನೀರಿಗೆ ಅಂಟಿಕೊಂಡ ಮರದ ಕಾಲುದಾರಿಯಲ್ಲಿ ನಡೆಯಿರಿ. ವಾರಾಂತ್ಯದ ಸಂಜೆಗಳಲ್ಲಿ ಹತ್ತಿರದ ಬೀದಿಗಳಿಗೆ ವಾಹನ ಬಿಡುವುದಿಲ್ಲ, ಹಾಡು, ಗದ್ದಲ ಜೋರು. ಅಡುಗೆಮನೆಗಳು ಒಂಬತ್ತಕ್ಕೆ ಮುಚ್ಚತೊಡಗುತ್ತವೆ, ಊಟ ಮುಗಿಸಿಯೇ ನಡೆಯಲು ಹೋಗಿ.

ಇಬ್ಬರಿಗೆ ಎಷ್ಟು ಖರ್ಚು? ಹಣದಲ್ಲಿ ಎಲ್ಲಿ ಮೋಸ ಹೋಗುತ್ತೇವೆ?

ರೂಮು ಬಿಟ್ಟು ಸುಮಾರು 25 ಲಕ್ಷ ಡಾಂಗ್. ಟಿಕೆಟ್ಟಿಗೆ 8,40,000, ಕಾರು ಮತ್ತು ಟ್ಯಾಕ್ಸಿಗೆ 7 ಲಕ್ಷ, ದೋಣಿಗೆ 2 ಲಕ್ಷ, ಉಳಿದದ್ದು ಊಟ, ತಿಂಡಿ, ಕಾಫಿ. ಒಂದು ರೂಪಾಯಿಗೆ 300 ಡಾಂಗ್ ಹಿಡಿದರೆ 8,300 ರೂಪಾಯಿ ಆಸುಪಾಸು. ಬೆಲೆಯ ಕೊನೆಯ ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನು ಮೂರರಿಂದ ಗುಣಿಸಿ ಸ್ವಲ್ಪ ಸೇರಿಸಿದರೆ ರೂಪಾಯಿ ಲೆಕ್ಕ ಬಾಯಲ್ಲೇ ಸಿಗುತ್ತದೆ. ಮೆನುವಿನಲ್ಲಿ 35 ಎಂದಷ್ಟೇ ಇದ್ದರೆ 35 ಸಾವಿರ.

ಮೋಸಕ್ಕಿಂತ ಗಡಿಬಿಡಿಯೇ ಹೆಚ್ಚು ಕಳೆಯುತ್ತದೆ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಕತ್ತಲ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 1,600 ರೂಪಾಯಿ ಹೋಯಿತು. 5 ಲಕ್ಷದ್ದನ್ನು ಬೇರೆ ಜೇಬಿನಲ್ಲಿಡಿ. ಮೇಜಿನ ಮೇಲೆ ಇಟ್ಟಿರುವ ಒದ್ದೆ ಟವೆಲ್ ಪ್ಯಾಕೆಟ್ಟಿಗೆ, ಕಡಲೆಬೀಜಕ್ಕೆ ಕೆಲವು ಕಡೆ ಬಿಲ್ಲು ಹಾಕುತ್ತಾರೆ, ಮೊತ್ತ ಚಿಕ್ಕದು. ಬೀದಿ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಚಿಲ್ಲರೆ ನೋಟು ಇರಲಿ.

ಮಳೆ ಹಿಡಿದುಬಿಟ್ಟರೆ?

ಕೋಟೆಯೊಳಗಿನ ಲಾಂಗ್ ಆನ್ ಅರಮನೆಯಲ್ಲಿರುವ ರಾಜವಸ್ತು ಸಂಗ್ರಹಾಲಯಕ್ಕೆ ಹೋಗಿ, 1845ರ ಆ ಮರದ ಕಟ್ಟಡವನ್ನು ನೋಡುವುದಕ್ಕಾದರೂ ಹೋಗಬೇಕು. ಅರಮನೆಯ ಹಳೆಯ ರಂಗಮಂದಿರ ಜುಯೆತ್ ಥಿ ದುಅಂಗ್‌ನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 10 ಮತ್ತು ಮಧ್ಯಾಹ್ನ 3ಕ್ಕೆ ಆಸ್ಥಾನ ಸಂಗೀತ, ನೃತ್ಯ ಇರುತ್ತದೆ. ಅದಕ್ಕೆ ಬೇರೆ ಟಿಕೆಟ್. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಮಳೆಯಂಗಿ ಅಗ್ಗಕ್ಕೆ ಸಿಗುತ್ತದೆ. ಸಮಾಧಿಗಳ ಕಲ್ಲುಹಾಸು ಪಾಚಿಗಟ್ಟಿ ಜಾರುತ್ತದೆ, ನಯವಾದ ಅಡಿಯ ಚಪ್ಪಲಿ ಹಾಕಬೇಡಿ. ನದಿ ಕೆಂಪಗೆ ಏರುತ್ತಿದ್ದರೆ ದೋಣಿಯ ಮಾತೇ ಬೇಡ.

ಊರಿಗೆ ಏನು ತರಬಹುದು?

ದೊಂಗ್ ಬಾ ಮಾರ್ಕೆಟ್ಟಿನಲ್ಲಿ ಮೆ ಸುಂಗ್ ಕೊಳ್ಳಿ. ಮಾಲ್ಟ್ ಪಾಕ, ಕಡಲೆಬೀಜ, ಎಳ್ಳಿನ ಮೆತ್ತನೆಯ ಮಿಠಾಯಿ, ಸಸ್ಯಾಹಾರಿ, ಕೆಡದೆ ಇರುತ್ತದೆ. ಮೆತ್ತಗಿನದೂ ಗಟ್ಟಿಯದೂ ಎರಡು ಬಗೆ ಇವೆ, ರುಚಿ ನೋಡಿ ಆರಿಸಿಕೊಳ್ಳಿ. ತಯಾರಾದ ದಿನಾಂಕ ನೋಡಿ, ಹಳೆಯದಾದರೆ ಹಲ್ಲಿಗೆ ಅಂಟಿ ಕೂರುತ್ತದೆ. ಸೀಗಡಿ ಪೇಸ್ಟಿನ ಬಾಟಲಿ ತರುವ ಮನಸ್ಸಿದ್ದರೆ ಮೂರು ಪದರ ಸುತ್ತಿಸಿ ಚೆಕ್-ಇನ್ ಲಗೇಜಿನಲ್ಲಿಡಿ. ಒಡೆದರೆ ಸೀರೆ, ಶರ್ಟು ಯಾವುದೂ ಉಳಿಯುವುದಿಲ್ಲ.

ಚೌಕಾಸಿ ಮಾಡುವುದಾದರೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಬೇಡ. ಬೋಣಿಯ ನಂಬಿಕೆ ಅಲ್ಲೂ ಗಟ್ಟಿಯಾಗಿದೆ. ಮೊದಲ ಗಿರಾಕಿ ಬೆಲೆ ಕೇಳಿ, ಎಳೆದಾಡಿ, ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಕೆಟ್ಟಂತೆ ಎಂದು ಅಂಗಡಿಯವರು ನಿಜಕ್ಕೂ ಬೇಸರಪಡುತ್ತಾರೆ. ಒಂಬತ್ತೂವರೆಯ ಮೇಲೆ ಹೋಗಿ, ಎರಡು ಮೂರು ಅಂಗಡಿಯಲ್ಲಿ ದರ ಕೇಳಿ, ಕೊಳ್ಳುವ ಮನಸ್ಸಿದ್ದಲ್ಲಿ ಮಾತ್ರ ಮಾತು ಬೆಳೆಸಿ.